ಮಲೆನಾಡಿನ ಮಳೆಗೆ 6013ಆ, 7018ಆ?

ಇವೆರಡೂ ವೆಲ್ಡಿಂಗ್ ರಾಡ್‌ಗಳ ನಂಬರ್. ಮೊದಲೇ ಹೇಳಿಬಿಡುತ್ತೇನೆ, ನಾನು 6013 ಪಕ್ಷ. ಮನೆ ಹಿಂದಿನ ಶೆಡ್‌ನಲ್ಲಿ ಒಂದು 200 ಆಂಪಿಯರ್ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಇದೆ. ತೋಟದ ಗೇಟು, ಕೊಟ್ಟಿಗೆಯ ಕಂಬಿ, ಟಿಲ್ಲರ್‌ನ ಮಡ್‌ಗಾರ್ಡ್, ಪಕ್ಕದ ಮನೆಯವರ ಏಣಿ, ನನ್ನ ಕೆಲಸ ಇಷ್ಟೇ. ಊರು ತೀರ್ಥಹಳ್ಳಿ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ. ರಾಡ್ ಬಗ್ಗೆ ಸಲಹೆ ಕೊಡುವವರು ಈ ಮಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಟಿಲ್ಲರ್ ಟ್ರೈಲರ್‌ನ ಕೊಂಡಿ ಬಿರುಕು ಬಿಟ್ಟಾಗ ಎಲ್ಲರೂ ಒಂದೇ ಮಾತು ಹೇಳಿದರು: "7018 ಹಾಕಿ ಮಾರಾಯ್ರೆ, ಅದೇ ಗಟ್ಟಿ." ಸುಳ್ಳಲ್ಲ. ಆದರೆ ಅಂಗಡಿಯವರು ಅದನ್ನು ಬಿಡಿಯಾಗಿ ಎಣಿಸಿ, ಹಳೇ ಪೇಪರ್‌ನಲ್ಲಿ ಸುತ್ತಿ ಕೊಟ್ಟರು. 10 ನಂಬರ್, ಅಂದರೆ 3.15 ಎಂಎಂ ರಾಡ್. ಹೊರಗೆ ಸುರಿಯುತ್ತಿದ್ದ ಜುಲೈ ಮಳೆ. ಹಚ್ಚಿದ ಕೂಡಲೇ ಚಟಪಟ ಸಿಡಿತ. ಸ್ಲ್ಯಾಗ್ (ಬೆಸುಗೆ ಮೇಲೆ ಕಟ್ಟುವ ಗಟ್ಟಿ ಪದರ) ತಟ್ಟಿ ತೆಗೆದರೆ ಬೀಡ್, ಅಂದರೆ ಬೆಸುಗೆಯ ಗೆರೆ, ತುಂಬಾ ಸೂಜಿ ತೂತು. ಗ್ರೈಂಡರ್ ಹಿಡಿದು ಪೂರ್ತಿ ತೆಗೆದು ಹಾಕಬೇಕಾಯಿತು.

7018ಕ್ಕೆ ಜನ ಜಾಸ್ತಿ ದುಡ್ಡು ಕೊಡುವುದೇ ಅದರಲ್ಲಿ ಹೈಡ್ರೋಜನ್ ಕಡಿಮೆ ಅಂತ. ಕಾದ ಲೋಹಕ್ಕೆ ಹೈಡ್ರೋಜನ್ ಸೇರಿದರೆ, ಗಡುಸಾಗುವ ಉಕ್ಕಿನಲ್ಲಿ ಬೀಡ್‌ನ ಪಕ್ಕದಲ್ಲೇ ಒಳಗೊಳಗೆ ಬಿರುಕು ಬರುತ್ತದೆ. ಅದೂ ಆಗಲೇ ಅಲ್ಲ. ಗಂಟೆಗಳಾದ ಮೇಲೆ, ಕೆಲವೊಮ್ಮೆ ಒಂದೆರಡು ದಿನ ಬಿಟ್ಟು. ಈ ಹೈಡ್ರೋಜನ್ ಬರುವುದು ಮುಖ್ಯವಾಗಿ ನೀರಿನ ಪಸೆಯಿಂದ. 7018ರ ಮೇಲಿನ ಲೇಪನ ಗಾಳಿಯಲ್ಲಿರುವ ಆ ಪಸೆಯನ್ನೇ ಹೀರಿಕೊಳ್ಳುತ್ತದೆ. ಹಾಗಾಗಿ ತೇವ ಹಿಡಿದ 7018 ಅಂದರೆ ಯಾವುದಕ್ಕೆ ಕಾಸು ಕೊಟ್ಟೆವೋ ಅದೇ ಇಲ್ಲದ ರಾಡ್. ಅಮೆರಿಕದ ಉಕ್ಕಿನ ಕಟ್ಟಡಗಳ ವೆಲ್ಡಿಂಗ್ ನಿಯಮ, ಡಿ1.1, ಮಾಮೂಲಿ 7018 ಅನ್ನು ಡಬ್ಬದಿಂದ ತೆಗೆದು 4 ಗಂಟೆಗಿಂತ ಹೆಚ್ಚು ಗಾಳಿಗೆ ಇಡಬೇಡಿ ಅನ್ನುತ್ತದೆ. ನನಗೆ ಕೊಟ್ಟ ರಾಡ್ ಅಂಗಡಿಯ ಕಪಾಟಿನಲ್ಲಿ ಎಷ್ಟು ಮಳೆಗಾಲ ನೋಡಿತ್ತೋ ದೇವರೇ ಬಲ್ಲ.

ಬಿಸಿಲಿಗೆ ಇಟ್ಟರೆ ಆಗಲ್ವಾ? ಆಗುವುದಿಲ್ಲ. ಆ ಪಸೆ ಲೇಪನದ ಒಳಗೇ ಕೂತಿರುತ್ತದೆ. ಬಿಡಿಸಲು ಸುಮಾರು 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಯಿಸಬೇಕು, ಎಷ್ಟು ಅಂತ ಪ್ಯಾಕೆಟ್ ಮೇಲೆ ಕಂಪನಿ ಬರೆದಿರುತ್ತದೆ. ಮನೆಯ ಓವನ್ ಸಾಮಾನ್ಯವಾಗಿ 250ಕ್ಕೇ ನಿಲ್ಲುತ್ತದೆ. ಮೇಲಾಗಿ ಕೇಕ್ ಮಾಡುವ ಜಾಗದಲ್ಲಿ ವೆಲ್ಡಿಂಗ್ ರಾಡ್ ಇಡಲು ನಮ್ಮನೆಯಲ್ಲಿ ಒಪ್ಪಿಗೆ ಸಿಗುವ ಮಾತೇ ಇಲ್ಲ, ಸಿಗಲೂಬಾರದು. ಅಡಿಕೆ ಬೇಯಿಸುವ ಒಲೆ ಪಕ್ಕ ಇಡಿ ಅಂದವರೂ ಇದ್ದಾರೆ. ಅಲ್ಲಿ ಹಬೆಯೇ ಜಾಸ್ತಿ, ಇನ್ನಷ್ಟು ಕೆಡುತ್ತದೆ. ರಾಡ್ ಬೇಯಿಸುವ ಓವನ್ ದೊಡ್ಡ ವರ್ಕ್‌ಶಾಪ್‌ಗಳಲ್ಲಿರುತ್ತದೆ. ವರ್ಷಕ್ಕೆ ಎರಡು ಕೊಂಡಿ ಬೆಸೆಯುವ ನನಗೆ ಅದು ಯಾಕೆ?

7018ರ ಇನ್ನೊಂದು ತಕರಾರು ಟ್ಯಾಕ್ (ಚುಕ್ಕೆಯಂಥ ಸಣ್ಣ ಬೆಸುಗೆ) ಹಾಕುವಾಗ. ಒಮ್ಮೆ ನಿಲ್ಲಿಸಿದರೆ ತುದಿಗೆ ಗಾಜಿನಂಥ ಸ್ಲ್ಯಾಗ್ ಮುಚ್ಚಿಕೊಳ್ಳುತ್ತದೆ. ಅದನ್ನು ಒಡೆಯದೆ ಮತ್ತೆ ಹತ್ತುವುದಿಲ್ಲ. ಜೋರಾಗಿ ಬಡಿದರೆ ಲೇಪನವೇ ಉದುರುತ್ತದೆ. ಗೇಟ್ ಕೆಲಸ ಅಂದರೆ ಬರೀ ಟ್ಯಾಕ್, ಟ್ಯಾಕ್, ಟ್ಯಾಕ್. ಅಲ್ಲಿ 6013 ಸುಮ್ನೆ ಮುಟ್ಟಿಸಿದರೆ ಹತ್ತುತ್ತದೆ. ಸಂಜೆ ಕರೆಂಟ್ ಡಲ್ ಆದಾಗಲೂ ಹತ್ತುತ್ತದೆ. ಹಳೇ ಆಯಿಲ್ ಟ್ರಾನ್ಸ್‌ಫಾರ್ಮರ್ ಮೆಷಿನ್ ಇಟ್ಟುಕೊಂಡವರಂತೂ 7018 ತರುವ ಮೊದಲು ಮೆಷಿನ್ ಎಷ್ಟು ವೋಲ್ಟ್ ಕೊಡುತ್ತದೆ ಅಂತ ನೋಡಿಕೊಳ್ಳುವುದು ಒಳ್ಳೆಯದು. ಎಸಿಯಲ್ಲಿ ಅದಕ್ಕೆ ಹಚ್ಚುವ ಮೊದಲೇ 70 ವೋಲ್ಟ್ ಆಸುಪಾಸು ಬೇಕು.

ಶಕ್ತಿಯ ಮಾತಿಗೆ ಬಂದರೆ, ಅಂಗಡಿಯ ಸಾಧಾರಣ ಎಂಎಸ್ (ಮೈಲ್ಡ್ ಸ್ಟೀಲ್) ಆಂಗಲ್‌ನ ಎಳೆತ ತಡೆಯುವ ಶಕ್ತಿಯೇ ಸುಮಾರು 410 ಎಂಪಿಎ (ಮೆಗಾಪಾಸ್ಕಲ್). 6013 ಬೀಡ್ ಅಷ್ಟು ತಡೆಯುತ್ತದೆ. ಅದಕ್ಕಿಂತ ಗಟ್ಟಿ ಬೀಡ್ ಹಾಕಿದರೆ ಗೇಟ್ ಇನ್ನೂ ಗಟ್ಟಿಯಾಗುತ್ತದಾ? ಇಲ್ಲ, ಆಂಗಲ್ ಮೊದಲು ಬಾಗುತ್ತದೆ ಅಷ್ಟೇ.

6013ಕ್ಕೂ ದೋಷ ಇದೆ. ದಪ್ಪ ಕಬ್ಬಿಣದಲ್ಲಿ ಆಳಕ್ಕೆ ಇಳಿಯುವುದಿಲ್ಲ. ಆಂಪಿಯರ್ ಕಡಿಮೆ ಇಟ್ಟರೆ ಸ್ಲ್ಯಾಗ್ ಮುಂದೆ ಓಡಿ ಬೀಡ್ ಕೆಳಗೆ ಸಿಕ್ಕಿಕೊಳ್ಳುತ್ತದೆ, ಮೇಲಿಂದ ಚೆನ್ನಾಗಿಯೇ ಕಾಣುತ್ತದೆ. ಅದರಲ್ಲಿ ಹೈಡ್ರೋಜನ್ ಕೂಡ ಜಾಸ್ತಿಯೇ. ತೆಳು ಎಂಎಸ್‌ಗೆ ಅದು ತೊಂದರೆಯಲ್ಲ, ಪ್ಲೇಟ್ ಸ್ಪ್ರಿಂಗ್, ರೋಟವೇಟರ್ ಬ್ಲೇಡ್, ಶಾಫ್ಟ್‌ಗಳಿಗೆ ತೊಂದರೆ. ಕುಲುಕಾಟ ತಡೆಯುವ ಕಡೆ 7018ರ ಬೀಡ್‌ಗೆ ಸಾಟಿಯಿಲ್ಲ. ನನ್ನ ಕೊಂಡಿಗೂ ಕೊನೆಗೆ ಅದೇ ಬಂತು. ಶಿವಮೊಗ್ಗದಿಂದ ಸೀಲ್ ಇದ್ದ ಸಣ್ಣ ಪ್ಯಾಕ್ ತಂದು, ಮಳೆ ಹೊಳವಾದ ದಿನ, ಆರ್ಕ್ (ರಾಡ್ ತುದಿಯಿಂದ ಹಾರುವ ಕಿಡಿ) ಗಿಡ್ಡ ಹಿಡಿದು 120 ಆಂಪಿಯರ್‌ನಲ್ಲಿ ಎಳೆದೆ. ಒಂದೂ ತೂತಿಲ್ಲ. ಅಡಿಕೆ ಮೂಟೆ ಹೇರಿಕೊಂಡು ಇವತ್ತಿಗೂ ಓಡುತ್ತಿದೆ.

ಉಳಿದವು: ಬೀಡು ಕಬ್ಬಿಣದ ಪಂಪ್ ಒಡೆದರೆ ನಿಕ್ಕಲ್ ರಾಡ್, ದುಬಾರಿ. ಸ್ಟೇನ್‌ಲೆಸ್ ಸ್ಟೀಲ್‌ಗೆ 308ಎಲ್ ರಾಡ್. 6010 ಪೈಪ್‌ಲೈನ್‌ನವರದ್ದು, ಎಷ್ಟೋ ಸಣ್ಣ ಇನ್ವರ್ಟರ್‌ಗಳಲ್ಲಿ ಅದು ಉರಿಯುತ್ತಲೇ ಇರುವುದಿಲ್ಲ.

ಕಂಪನಿ ಇಟ್ಟ ಹೆಸರು ನೋಡಿ ಗೊಂದಲವಾದರೆ ಪ್ಯಾಕೆಟ್ ಮೇಲೆ ಐಎಸ್ 814ರ (ವೆಲ್ಡಿಂಗ್ ರಾಡ್‌ನ ಭಾರತೀಯ ಮಾನಕ) ಗುರುತು ಹುಡುಕಿ. ಇಆರ್ ಅಂತ ಶುರುವಾದರೆ 6013ರ ಜಾತಿ, ಇಬಿ ಅಂದರೆ 7018ರದ್ದು. ನನ್ನ ಶೆಡ್‌ನಲ್ಲಿ 12 ನಂಬರ್‌ನ 6013 ಸದಾ ಇರುತ್ತದೆ, ಎರಡು ಕಡೆ ಕ್ಯಾಪ್ ಹಾಕಿದ ಪಿವಿಸಿ ಪೈಪ್ ತುಂಡಿನಲ್ಲಿ. 7018 ತರುವುದು ಕೆಲಸ ಬಂದಾಗ ಮಾತ್ರ, ಅದೂ ಸೀಲ್ ಇದ್ದರೆ. ಬಿಡಿ ಕೊಡುತ್ತೇವೆ ಅಂದರೆ ಬೇಡ ಅಂತ ಎದ್ದು ಬರುತ್ತೇನೆ.