ಬೆಳಗಿನ ಹಾಡಿಗೆ ಯಾವುದು ವಾಸಿ: ಕೊಂಡ ಅಲಾರಂ ತಂತ್ರಾಂಶ, ವಿಂಡೋಸ್ ಕ್ಲಾಕ್, ವಿಎಲ್‌ಸಿ

ಮೇಜಿನ ಮೇಲಿನ ಕಂಪ್ಯೂಟರು ಬೆಳಗಿನ ಐದೂವರೆಗೆ ತಾನಾಗಿ ಹಾಡಬೇಕೆಂದರೆ, ವಿಂಡೋಸ್‌ನಲ್ಲೇ ಇರುವ, ನಿಗದಿತ ಹೊತ್ತಿಗೆ ಕೆಲಸ ಶುರುಮಾಡಿಸುವ ಟಾಸ್ಕ್ ಶೆಡ್ಯೂಲರ್ ಮತ್ತು ಉಚಿತವಾಗಿ ದೊರೆಯುವ ವಿಎಲ್‌ಸಿ ಪ್ಲೇಯರ್ ಎರಡೂ ಸೇರಿದರೆ ಸಾಕು, ಬೇರೆ ಯಾವುದಕ್ಕೂ ದುಡ್ಡು ಹಾಕಬೇಕಾಗಿಲ್ಲ ಎಂಬುದು ನನ್ನ ತೀರ್ಮಾನ. ಸುಮಾರು ಒಂಬೈನೂರು ರೂಪಾಯಿ ಕೊಟ್ಟು ಕೊಂಡ ಅಲಾರಂ ತಂತ್ರಾಂಶವೊಂದನ್ನು ತೆಗೆದುಹಾಕಿದ ಮೇಲೆ ಇದನ್ನು ಬರೆಯುತ್ತಿರುವುದರಿಂದ, ಮುಂದಿನ ಮಾತುಗಳಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಓದುಗರು ಆಶ್ಚರ್ಯಪಡಬೇಕಾಗಿಲ್ಲ.

ಸರಸ್ವತಿಪುರದ ನಮ್ಮ ಮನೆಯಲ್ಲಿ ಫೋನುಗಳನ್ನು ರಾತ್ರಿ ಆರಿಸಿ ಇಡುವ ಪದ್ಧತಿಯಿದೆ. ಒಳ್ಳೆಯ ಸ್ಪೀಕರುಗಳಿರುವುದು ನಾನು ಲೆಕ್ಕಪತ್ರದ ಕೆಲಸಕ್ಕೆ ಬಳಸುವ ಕಂಪ್ಯೂಟರಿಗೆ, ಹಾಡುಗಳಿರುವುದೂ ಅದರಲ್ಲೇ. ಅವುಗಳಲ್ಲಿ ಹೆಚ್ಚಿನವು ನಮ್ಮ ತಾಯಿಯ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ದೇವರನಾಮಗಳು, ಹೆಸರುಗಳೆಲ್ಲ ಕನ್ನಡದಲ್ಲೇ ಇವೆ. ಈ ಕೊನೆಯ ಸಂಗತಿಯೇ ಎಲ್ಲ ತೊಡಕಿಗೂ ಮೂಲವಾಯಿತು.

ಕೊಂಡ ತಂತ್ರಾಂಶ ನೋಡಲು ಬಹಳ ಚೆನ್ನಾಗಿತ್ತು. ಹಾಡನ್ನು ಆರಿಸಿ, ಪರೀಕ್ಷೆಯ ಗುಂಡಿ ಒತ್ತಿದರೆ ತಕ್ಷಣ ಹಾಡುತ್ತಿತ್ತು. ಆದರೆ ಕಂಪ್ಯೂಟರನ್ನು ಒಮ್ಮೆ ಮರುಪ್ರಾರಂಭಿಸಿದ ಮೇಲೆ ಬರುವ ಬೆಳಗಿನಲ್ಲಿ ಹಾಡಿನ ಬದಲು ಕರ್ಕಶವಾದ ಬೀಪ್ ಸದ್ದು ಹೊರಡುತ್ತಿತ್ತು, ಪರದೆಯ ಮೇಲೆ ‘ಕಡತ ಸಿಗಲಿಲ್ಲ’ ಎಂಬ ಅರ್ಥದ ಸೂಚನೆ ನಿಂತಿರುತ್ತಿತ್ತು. “ಏನಪ್ಪಾ, ಇವತ್ತೂ ನಿನ್ನ ಕಂಪ್ಯೂಟರು ಕುಯ್ಯೋ ಅಂತಲೇ ಬಡ್ಕೊಳ್ತಲ್ಲ” ಎಂದು ತಾಯಿ ಅಡುಗೆಮನೆಯಿಂದಲೇ ಕೇಳುವುದು ವಾಡಿಕೆಯಾಯಿತು. ಕಡತ ಮಾತ್ರ ಇದ್ದ ಜಾಗದಲ್ಲೇ ಇತ್ತು; ಮತ್ತೆ ಆರಿಸಿದರೆ ಮತ್ತೆ ಹಾಡುತ್ತಿತ್ತು. ರಾತ್ರಿ ಸರಿ, ಬೆಳಿಗ್ಗೆ ತಪ್ಪು ಎಂಬ ಈ ಬಗೆಯ ದೋಷವನ್ನು ಹಿಡಿಯುವುದು ಕಷ್ಟ, ಏಕೆಂದರೆ ಪರೀಕ್ಷಿಸಿದಾಗಲೆಲ್ಲ ಅದು ತಲೆಮರೆಸಿಕೊಳ್ಳುತ್ತದೆ.

ತಂತ್ರಾಂಶವು ತನ್ನ ಆಯ್ಕೆಗಳನ್ನು ಬರೆದಿಡುವ ಐಎನ್‌ಐ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಕಾರಣ ಕಣ್ಣಿಗೆ ಬಿತ್ತು. ಡ್ರೈವಿನ ಅಕ್ಷರ, ಇಂಗ್ಲಿಷ್ ಹೆಸರಿನ ಫೋಲ್ಡರು, ಎಲ್ಲವೂ ಸರಿಯಾಗಿದ್ದವು. ‘ದೇವರನಾಮ’ ಎಂದಿರಬೇಕಾದ ಕಡೆ ಏಳು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದವು. ಅಕ್ಷರಗಳು ಐದಾದರೂ ದೀರ್ಘ ಮತ್ತು ಏತ್ವಗಳನ್ನು ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಬೇರೆಯಾಗಿ ಎಣಿಸುವುದರಿಂದ ಏಳು. ಹಾಡನ್ನು ಆರಿಸಿದ ಹೊತ್ತಿನಲ್ಲಿ ಪೂರ್ಣ ಹೆಸರು ನೆನಪಿನ ಪಟಲದಲ್ಲಿ ಇರುತ್ತದೆ, ಆದ್ದರಿಂದ ಪರೀಕ್ಷೆ ಗೆಲ್ಲುತ್ತದೆ. ಮರುಪ್ರಾರಂಭವಾದ ಮೇಲೆ ಆ ಪ್ರಶ್ನೆಗಳ ಸಾಲನ್ನೇ ಹೆಸರೆಂದು ಓದಿಕೊಂಡು ಹುಡುಕುತ್ತದೆ. ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಬಳಸಲು ಅವಕಾಶವೇ ಇಲ್ಲ, ಹಾಗಾಗಿ ಅದು ಸಿಗುವ ಮಾತೇ ಇಲ್ಲ.

ಇದರ ಹಿನ್ನೆಲೆ ಸ್ವಲ್ಪ ಹಳೆಯದು. ಯೂನಿಕೋಡ್‌ಗೆ ಮುಂಚಿನ ಪದ್ಧತಿಯಲ್ಲಿ ವಿಂಡೋಸ್ ಹಲವು ಲಿಪಿಗಳಿಗೆ ಒಂದೊಂದು ಕೋಡ್ ಪೇಜ್ (ಅಕ್ಷರಗಳ ಸಂಖ್ಯೆಗಳ ಪಟ್ಟಿ) ಇಟ್ಟುಕೊಂಡಿತ್ತು: ಥಾಯ್‌ಗೆ 874, ಅರಬ್ಬಿಗೆ 1256, ವಿಯೆಟ್ನಾಮಿಗೆ 1258. ಕನ್ನಡ, ಹಿಂದಿ, ತಮಿಳುಗಳಿಗೆ ಅಂಥ ಪೇಜ್ ಇಲ್ಲ. ಇವು ವಿಂಡೋಸ್‌ಗೆ ಬಂದದ್ದೇ ಯೂನಿಕೋಡ್ ಮೂಲಕ. ಆದ್ದರಿಂದ ಹಳೆಯ ಪದ್ಧತಿಯಲ್ಲಿ ಬರೆಯುವ ಯಾವುದೇ ತಂತ್ರಾಂಶ ಥಾಯ್ ಹೆಸರನ್ನಾದರೂ ಹೇಗೋ ಉಳಿಸಿಕೊಂಡೀತು, ಕನ್ನಡ ಹೆಸರನ್ನು ಉಳಿಸಿಕೊಳ್ಳಲಾರದು. ಐಎನ್‌ಐ ಕಡತವನ್ನು ನೋಟ್‌ಪ್ಯಾಡಿನಲ್ಲೇ ಯುಟಿಎಫ್-16 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸಿದ ಮೇಲೆ ಹೆಸರುಗಳು ಸರಿಯಾಗಿ ನಿಂತವು, ಮುಂದಿನ ಅಪ್‌ಡೇಟ್ ಆ ಕಡತವನ್ನು ಹೊಸದಾಗಿ ಬರೆದು ಹಾಕುವವರೆಗೆ. ವಿಂಡೋಸ್‌ನ ಪ್ರಾದೇಶಿಕ ಆಯ್ಕೆಗಳಲ್ಲಿ ಇಡೀ ಯಂತ್ರಕ್ಕೆ ಯುಟಿಎಫ್-8 ಬಳಸುವ ಬೀಟಾ ಸೌಲಭ್ಯವೊಂದಿದೆ. ಅದನ್ನು ಹಾಕಿದರೂ ಗುಣ ಕಾಣಬಹುದು, ಆದರೆ ಲೆಕ್ಕಪತ್ರದ ಹಳೆಯ ತಂತ್ರಾಂಶಗಳಿರುವ ಯಂತ್ರದಲ್ಲಿ ಒಂದು ಅಲಾರಂಗಾಗಿ ಅಷ್ಟು ದೂರ ಹೋಗಲು ನನಗೆ ಮನಸ್ಸಾಗಲಿಲ್ಲ. ತಯಾರಕರ ಸಹಾಯ ವಿಭಾಗಕ್ಕೆ ಬರೆದಾಗ, ಕಡತದ ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಿಕೊಳ್ಳಿ ಎಂಬ ಉತ್ತರ ಬಂತು. ಪೆಟ್ಟಿಗೆಗಟ್ಟಲೆ ಕ್ಯಾಸೆಟ್ಟುಗಳನ್ನು ಇಳಿಸಿ ಕನ್ನಡದಲ್ಲಿ ಹೆಸರು ಬರೆದಿಟ್ಟವರಿಗೆ ಕೊಡುವ ಉತ್ತರ ಇದಲ್ಲ.

ಹೆಸರು ಬದಲಿಸಿದರೂ ಕೆಲವು ಹಾಡುಗಳು ಹಾಡಲಿಲ್ಲ ಎಂಬುದನ್ನೂ ಹೇಳಬೇಕು. ಆ ಎಂಪಿ3 ಕಡತಗಳಲ್ಲಿ ಕ್ಯಾಸೆಟ್ಟಿನ ಹೊದಿಕೆಯ ದೊಡ್ಡ ಚಿತ್ರವನ್ನು ಸೇರಿಸಲಾಗಿತ್ತು. ಚಿತ್ರವನ್ನು ತೆಗೆದಮೇಲೆ ಅವೇ ಕಡತಗಳು ಹಾಡಿದವು. ಇಂಥ ತಂತ್ರಾಂಶವನ್ನೇ ಬಳಸಬೇಕಾದವರು ದೋಷ ಹುಡುಕುವಾಗ, ಮೊದಲು ಹಾಡಿನ ಒಂದು ಪ್ರತಿಯನ್ನು ಡ್ರೈವಿನ ಬುಡದಲ್ಲೇ ಚಿಕ್ಕ ಇಂಗ್ಲಿಷ್ ಹೆಸರಿನಲ್ಲಿ ಇಟ್ಟು, ಯಂತ್ರವನ್ನು ಮರುಪ್ರಾರಂಭಿಸಿ ನೋಡುವುದು ಒಳ್ಳೆಯದು. ಆಗ ಹಾಡಿದರೆ ತಪ್ಪು ಹೆಸರಿನದು. ಹಾಡದಿದ್ದರೆ ಅದನ್ನು ವೇವ್ ರೂಪಕ್ಕೆ ತಿರುಗಿಸಿ ನೋಡಬೇಕು. ವೇವ್ ಹಾಡಿದರೆ ತಪ್ಪು ಎಂಪಿ3ಯ ಒಳಗಿನದು. ದೋಷದ ಸೂಚನೆಯೇ ಇಲ್ಲದೆ ಸದ್ದು ಮಾತ್ರ ಬರದಿದ್ದರೆ, ಎಚ್‌ಡಿಎಂಐ ಮೂಲಕ ಜೋಡಿಸಿದ ಮಾನಿಟರಿಗೋ ಆರಿಹೋಗಿರುವ ಬ್ಲೂಟೂತ್ ಸ್ಪೀಕರಿಗೋ ಧ್ವನಿ ಹೋಗುತ್ತಿದೆಯೇ ಎಂದು ನೋಡಬೇಕು.

ವಿಂಡೋಸ್‌ನ ಕ್ಲಾಕ್ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಹಾಡಿನ ದೋಷ ಬರುವುದಿಲ್ಲ, ಏಕೆಂದರೆ ನಮ್ಮ ಹಾಡನ್ನು ಹಾಕಲು ಬರುವುದಿಲ್ಲ. ಅದರಲ್ಲೇ ಇರುವ ಕೆಲವು ನಾದಗಳಲ್ಲಿ ಒಂದನ್ನು ಆರಿಸಬೇಕು. ಕಂಪ್ಯೂಟರು ಎಚ್ಚರವಾಗಿದ್ದರೆ ಮಾತ್ರ ಸೂಚನೆ ಬರುತ್ತದೆಂದು ಅದೇ ತಿಳಿಸುತ್ತದೆ. ಅಲಾರಂ ಅನ್ನು ಕೆಲವು ನಿಮಿಷ ಮುಂದೂಡುವ ಸ್ನೂಜ್ ಸೌಲಭ್ಯ ಚೆನ್ನಾಗಿದೆ.

ಈಗ ನನ್ನ ಜೋಡಿಯ ವಿಚಾರ. ಟಾಸ್ಕ್ ಶೆಡ್ಯೂಲರ್ ತನ್ನ ಕೆಲಸಗಳನ್ನು ಯುಟಿಎಫ್-16 ಎಕ್ಸ್‌ಎಂಎಲ್ ಕಡತಗಳಲ್ಲಿ ಬರೆದಿಡುವುದರಿಂದ ಕನ್ನಡ ಹೆಸರು ಎಷ್ಟು ಬಾರಿ ಮರುಪ್ರಾರಂಭಿಸಿದರೂ ಕೆಡುವುದಿಲ್ಲ. ವಿಎಲ್‌ಸಿ ಹಾಡಿನ ಕಡತವನ್ನು ಬಿಡಿಸಿ ಓದುವ ತನ್ನದೇ ಕೋಡೆಕ್‌ಗಳನ್ನು ಬಳಸುವುದರಿಂದ ಹೊದಿಕೆಯ ಚಿತ್ರವಿದ್ದರೂ ಹಾಡು ನಿಲ್ಲಲಿಲ್ಲ. ಹಾಡುಗಳ ಪಟ್ಟಿ ಮಾಡುವುದಿದ್ದರೆ ಎಂ3ಯು ಬದಲು ಎಂ3ಯು8 ರೂಪದಲ್ಲಿ ಉಳಿಸಬೇಕು, ಎರಡನೆಯದು ಯುಟಿಎಫ್-8. ಕೆಲಸ ರೂಪಿಸುವಾಗ ಪ್ರೋಗ್ರಾಮಿನ ಜಾಗದಲ್ಲಿ ವಿಎಲ್‌ಸಿಯನ್ನೂ, ಆರ್ಗ್ಯುಮೆಂಟ್ಸ್ ಜಾಗದಲ್ಲಿ ಎರಡು ಅಡ್ಡಗೆರೆ ಹಾಕಿ ‘ಪ್ಲೇ-ಆ್ಯಂಡ್-ಎಕ್ಸಿಟ್’ (--play-and-exit) ಎಂಬ ಆಜ್ಞೆಯನ್ನೂ, ಅದರ ಮುಂದೆ ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಡಿನ ಪೂರ್ಣ ವಿಳಾಸವನ್ನೂ ಕೊಟ್ಟರೆ, ಹಾಡು ಮುಗಿದೊಡನೆ ಪ್ಲೇಯರ್ ತಾನೇ ಮುಚ್ಚಿಕೊಳ್ಳುತ್ತದೆ.

ಮಲಗಿರುವ ಯಂತ್ರ ಏಳಲು ಕಂಡಿಷನ್ಸ್ ಪುಟದಲ್ಲಿ ಕಂಪ್ಯೂಟರನ್ನು ಎಚ್ಚರಿಸುವ ಆಯ್ಕೆಯನ್ನು ಗುರುತು ಹಾಕಬೇಕು, ಪವರ್ ಆಯ್ಕೆಗಳಲ್ಲಿ ವೇಕ್ ಟೈಮರುಗಳಿಗೆ ಅನುಮತಿಯನ್ನೂ ಕೊಡಬೇಕು. ಅದೇ ಪುಟದಲ್ಲಿ, ಕರೆಂಟು ಇದ್ದರೆ ಮಾತ್ರ ಕೆಲಸ ಶುರುಮಾಡು ಎಂಬ ಗುರುತು ಮೊದಲೇ ಇರುತ್ತದೆ. ಬೆಳಗಿನ ಜಾವ ಕರೆಂಟು ಹೋಗುವ ಬಡಾವಣೆಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರು ಅದನ್ನು ತೆಗೆಯದಿದ್ದರೆ ಆ ದಿನ ಹಾಡಿಲ್ಲ. ಬಳಕೆದಾರರು ಲಾಗಿನ್ ಆಗಿರಲಿ ಬಿಡಲಿ ನಡೆಸು ಎಂಬ ಆಯ್ಕೆ ಆಕರ್ಷಕವಾಗಿ ಕಂಡರೂ ಅದನ್ನು ಮುಟ್ಟಬಾರದು, ಆಗ ಪ್ಲೇಯರ್ ನಮ್ಮ ಪರದೆಗೆ ಸಂಬಂಧವಿಲ್ಲದ ಬೇರೆ ಸೆಷನ್ನಿನಲ್ಲಿ ತೆರೆದುಕೊಳ್ಳುತ್ತದೆ. ಪರದೆಗೆ ಬೀಗ ಹಾಕಿದ್ದರೆ ತೊಂದರೆಯಿಲ್ಲ. ತಪ್ಪಿದ ಕೆಲಸವನ್ನು ಆದಷ್ಟು ಬೇಗ ನಡೆಸು ಎಂಬ ಆಯ್ಕೆಯನ್ನೂ ಖಾಲಿ ಬಿಡಿ, ಇಲ್ಲವಾದರೆ ಕಕ್ಷಿದಾರರು ಎದುರಿಗೆ ಕುಳಿತಿರುವಾಗ ಹತ್ತು ಗಂಟೆಗೆ ಸುಪ್ರಭಾತ ಶುರುವಾಗುತ್ತದೆ.

ವಿಎಲ್‌ಸಿಯಲ್ಲಿ ಎರಡು ತಿದ್ದುಪಡಿ ಬೇಕು. ಧ್ವನಿಯನ್ನು ಪ್ರತಿ ಬಾರಿ ನಿಗದಿತ ಮಟ್ಟದಿಂದ ಆರಂಭಿಸುವ ಆಯ್ಕೆ ಹಾಕಬೇಕು, ಇಲ್ಲವಾದರೆ ರಾತ್ರಿ ತಗ್ಗಿಸಿದ ಸದ್ದು ಬೆಳಿಗ್ಗೆಗೂ ಉಳಿಯುತ್ತದೆ. ನಿಲ್ಲಿಸಿದಲ್ಲಿಂದ ಮುಂದುವರಿಸುವ ಆಯ್ಕೆಯನ್ನು ‘ನೆವರ್’ಗೆ ಇಡಬೇಕು, ಇಲ್ಲವಾದರೆ ಪಲ್ಲವಿ ಬಿಟ್ಟು ಚರಣದ ನಡುವಿನಿಂದ ಹಾಡು ಏಳಬಹುದು.

ಮೈಸೂರು ಆಕಾಶವಾಣಿಯನ್ನೇ ಅಂತರ್ಜಾಲದ ಮೂಲಕ ಅಲಾರಂ ಮಾಡುವ ಆಸೆ ನನಗೂ ಇತ್ತು, ಆದರೆ ಯಂತ್ರ ಎದ್ದ ಕ್ಷಣಕ್ಕೆ ವೈಫೈ ಇನ್ನೂ ಜೋಡಣೆಯಾಗಿರುವುದಿಲ್ಲ. ರೇಡಿಯೊಗೆ ರೇಡಿಯೊ ಪೆಟ್ಟಿಗೆಯೇ ವಾಸಿ, 100.6ಕ್ಕೆ ತಿರುಗಿಸಿಟ್ಟರೆ ಆಯಿತು.

ಈ ಜೋಡಿಯಲ್ಲಿ ಸ್ನೂಜ್ ಇಲ್ಲ. ನಮ್ಮ ತಾಯಿ ಹಾಡಿಗೆ ಮುಂಚೆಯೇ ಎದ್ದಿರುವುದರಿಂದಲೂ, ಎದ್ದ ಮೇಲೆ ಮತ್ತೆ ಮಲಗಿದರೆ ನನ್ನ ಕೆಲಸ ಕೆಡುವುದರಿಂದಲೂ ನಮಗೆ ಅದು ಬೇಕಿಲ್ಲ. ಐದೈದು ನಿಮಿಷ ಮುಂದೂಡುವ ಅಭ್ಯಾಸವಿದ್ದು, ಯಂತ್ರವನ್ನು ರಾತ್ರಿಯಿಡೀ ಎಚ್ಚರವಾಗಿಯೇ ಇಡುವವರಿಗೆ ಕ್ಲಾಕ್ ಆ್ಯಪ್ ಸಾಕು. ಕೊಂಡ ತಂತ್ರಾಂಶವನ್ನು, ಹಾಡುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿದ್ದು ಅಂದವಾದ ಕಿಟಕಿಗೆ ಒಂಬೈನೂರು ರೂಪಾಯಿ ಹೆಚ್ಚೆನಿಸದವರು ಬಳಸಬಹುದು. ಅವರೂ ಹಣ ಕಟ್ಟುವ ಮೊದಲು ಉಚಿತ ಅವಧಿಯಲ್ಲಿ ಒಂದು ಕನ್ನಡ ಹೆಸರಿನ ಹಾಡನ್ನು ಹಾಕಿ, ಯಂತ್ರವನ್ನು ಮರುಪ್ರಾರಂಭಿಸಿ, ಮಾರನೆಯ ಬೆಳಿಗ್ಗೆ ಏನು ಕೇಳಿಸುತ್ತದೆಂದು ನೋಡಲಿ.