ಬೋಟ್ ಟ್ರೇಲರಿನ ಬ್ರೇಕಿಗೆ ಹೈಡ್ರಾಲಿಕ್ ಆಯಿಲ್ ಹಾಕಬೇಡಿ

ಹೈಡ್ರಾಲಿಕ್ ಬ್ರೇಕು ಅಂದಮೇಲೆ ಹೈಡ್ರಾಲಿಕ್ ಆಯಿಲ್ ಅಲ್ಲದೆ ಇನ್ನೇನು ಹಾಕ್ತಾರೆ? ಹಾಗಂದುಕೊಂಡೇ ನಾನು ಕೆಟ್ಟದ್ದು. ಇಲ್ಲಿ ಹ್ಯೂಸ್ಟನ್ನಿನಲ್ಲಿ ಬೋಟು ಇಟ್ಟುಕೊಂಡಿರುವ ಕನ್ನಡದವರು ಇದನ್ನೊಮ್ಮೆ ಓದಿ.

ಮಾರ್ಚಿನಲ್ಲಿ ಟ್ರೇಲರ್ ಹೊರಗೆ ತೆಗೆದಾಗ ಮುಂದಿನ ಕೊಂಡಿಯ ಹತ್ತಿರದ ಬ್ರೇಕ್ ಡಬ್ಬಿಯಲ್ಲಿ ದ್ರವ ಕಮ್ಮಿಯಾಗಿತ್ತು. ಗ್ಯಾರೇಜಿನಲ್ಲಿ ಸೌದೆ ಸೀಳುವ ಯಂತ್ರಕ್ಕೆ ತಂದ ಹೈಡ್ರಾಲಿಕ್ ಆಯಿಲ್ ಕ್ಯಾನು ಕಣ್ಣಿಗೆ ಬಿತ್ತು. ಅರ್ಧ ಲೋಟ ಸುರಿದೆ. ಮುಚ್ಚಳದ ಮೇಲೆ ‘ಡಾಟ್ 3’ ಅಂತ ಉಬ್ಬಕ್ಷರದಲ್ಲಿ ಇತ್ತು. ಓದಿದೆ, ಅದು ಹಾಕಬೇಕಾದ ಬ್ರೇಕ್ ದ್ರವದ ದರ್ಜೆ ಅಂತ ಗೊತ್ತಿರಲಿಲ್ಲ, ಏನೆಂದು ಕೇಳಲೂ ಇಲ್ಲ.

ಮೊದಲ ವಾರ ಏನೂ ಆಗಲಿಲ್ಲ. ಮೂರನೇ ವಾರ ಗ್ಯಾಲ್ವೆಸ್ಟನ್ನಿಗೆ ಹೊರಟೆವು. ಐ-45ರಲ್ಲಿ ಟೆಕ್ಸಾಸ್ ಸಿಟಿ ಬರುವ ಹೊತ್ತಿಗೆ ಪಿಕಪ್ ಎಳೆಯಲಾರದೆ ಒದ್ದಾಡುತ್ತಿತ್ತು. ಎದುರುಗಾಳಿ ಇರಬೇಕು ಅಂತ ನಾನು. “ರೀ, ಏನೋ ಸುಟ್ಟ ವಾಸನೆ” ಅಂದಳು ಹೆಂಡತಿ. ಕನ್ನಡಿಯಲ್ಲಿ ನೋಡಿದರೆ ಎಡಗಾಲಿಯಿಂದ ಹೊಗೆ! ಪಕ್ಕಕ್ಕೆ ನಿಲ್ಲಿಸಿ ಎರಡು ಹನಿ ನೀರು ಚಿಮುಕಿಸಿದೆ, ದೋಸೆ ಕಾವಲಿಯ ಹಾಗೆ ಚುಂಯ್ ಅಂತು. ಚಕ್ರದ ನಡುಭಾಗದ, ಅಂದರೆ ಹಬ್ಬಿನ, ಗ್ರೀಸ್ ಕರಗಿ ರಿಮ್ಮಿನ ಮೇಲೆ ಇಳಿದಿತ್ತು.

ಈ ಬ್ರೇಕಿಗೆ ಪೆಡಲ್ ಇಲ್ಲ. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಹಿಂದಿನಿಂದ ನೂಕುತ್ತದೆ, ಆ ನೂಕೇ ಕೊಂಡಿಯೊಳಗಿನ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಅದು ದ್ರವವನ್ನು ಚಕ್ರದ ಬ್ರೇಕಿಗೆ ತಳ್ಳುತ್ತದೆ. ನೂಕು ನಿಂತಮೇಲೆ ದ್ರವ ಸಣ್ಣದೊಂದು ತೂತಿನಿಂದ ಡಬ್ಬಿಗೆ ವಾಪಸ್ ಬರಬೇಕು. ಅಲ್ಲಿನ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಉಬ್ಬುತ್ತದೆ. ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ಅದು ರಾತ್ರಿಯಿಡೀ ನೆನೆದ ಕಡಲೆಯ ಹಾಗಿತ್ತು. ತೂತು ಮುಚ್ಚಿಹೋಗಿ, ಹಿಡಿದ ಬ್ರೇಕು ಬಿಟ್ಟಿರಲೇ ಇಲ್ಲ.

ಆತ ಪೇಪರ್ ಕಪ್ಪಿನಲ್ಲಿ ನೀರು ತಂದು ಡಬ್ಬಿಯ ದ್ರವ ಎರಡು ಹನಿ ಬಿಟ್ಟ. ಬರೀ ಡಾಟ್ 3 ಆಗಿದ್ದರೆ ಕರಗಿಹೋಗಬೇಕಿತ್ತು. ನನ್ನದು ಸಾರಿನ ಮೇಲಿನ ಒಗ್ಗರಣೆಯಂತೆ ತೇಲಿತು. ತೊಳೆದು ಸರಿಯಾದ್ದು ತುಂಬಿದರಾಗದೇ ಅಂದೆ. ಅಡ್ಡಡ್ಡ ತಲೆಯಾಡಿಸಿದ. ಮಾಸ್ಟರ್ ಸಿಲಿಂಡರ್, ಎರಡೂ ಚಕ್ರದ ಸಿಲಿಂಡರ್, ಹೋಸು, ಎಣ್ಣೆ ಮುಟ್ಟಿದ ರಬ್ಬರೆಲ್ಲ ಹೊಸದಾಗಬೇಕು. ಬೆಂದುಹೋದ ಬೇರಿಂಗು ಬೇರೆ. ಒಟ್ಟು ಒಂಬೈನೂರು ಡಾಲರ್.

ಅವತ್ತು ಹೊಗೆ ಕಾಣದೆ ಆ ಕಾದ ಹಬ್ಬನ್ನು ಹಾಗೇ ಸಮುದ್ರಕ್ಕಿಳಿಸಿದ್ದರೆ, ತಣಿಯುವಾಗ ಸೀಲಿನ ಸಂದಿಯಿಂದ ಉಪ್ಪುನೀರನ್ನು ಒಳಗೆಳೆದುಕೊಳ್ಳುತ್ತಿತ್ತು. ಈಗ ಬೋಟು ನೀರಿಗಿಳಿಸುವ ರ‍್ಯಾಂಪಿನಲ್ಲಿ ಕಾಲು ಗಂಟೆ ಕಾಯುತ್ತೇನೆ, ಎರಡೂ ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡುತ್ತೇನೆ. ಒಂದು ಕಡೆ ಮಾತ್ರ ಬಿಸಿ ಜಾಸ್ತಿಯಿದ್ದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಮನೆಗೆ ಬಂದಮೇಲೆ ಸಿಹಿನೀರಿನಲ್ಲಿ ತೊಳೆಯುವುದು ಹೇಗೂ ಇದ್ದದ್ದೇ.

ಡಾಟ್ 3 ಗಾಳಿಯ ತೇವ ಹೀರುತ್ತದೆ. ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರುವಂಥದ್ದು ತೇವ ಸೇರಿದರೆ 140ರ ಹತ್ತಿರಕ್ಕೇ ಕುದಿಯಬಹುದು. ಸಣ್ಣ ಬಾಟಲಿ ತನ್ನಿ, ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ. ಡಾಟ್ 5 ಸಿಲಿಕೋನ್, ಅದನ್ನೂ ಇದಕ್ಕೆ ಬೆರೆಸುವಂತಿಲ್ಲ.

ಇನ್ನೊಂದು. ದ್ರವ ಕಮ್ಮಿಯಾದದ್ದೇಕೆ ಅಂತ ನಾನು ಮೊದಲು ನೋಡಿಯೇ ಇರಲಿಲ್ಲ. ಬಲಗಾಲಿಯ ಬ್ರೇಕ್ ಪೈಪು ಉಪ್ಪಿಗೆ ತುಕ್ಕು ಹಿಡಿದು ಜಿನುಗುತ್ತಿತ್ತಂತೆ.