ಬೇಳೆ ಮಿಲ್ಲಿನ ಜರಡಿಗೆ ಲಾಕ್‌ಟೈಟ್ 243: ಕೆಲವು ಹಂಗಾಮುಗಳ ಬಳಕೆಯ ನಂತರ

ಕಲಬುರಗಿಯ ನಮ್ಮ ತೊಗರಿ ಬೇಳೆ ಮಿಲ್ಲಿನಲ್ಲಿ ಜರಡಿ ಯಂತ್ರದ ಬೋಲ್ಟುಗಳಿಗೆ ಲಾಕ್‌ಟೈಟ್ 243 ಎಂಬ ನೀಲಿ ಅಂಟನ್ನು ಕೆಲವು ಹಂಗಾಮುಗಳಿಂದ ಬಳಸುತ್ತಿದ್ದೇವೆ. ಮೊದಲು ಸ್ಪ್ರಿಂಗ್ ವಾಷರ್ ಮಾತ್ರ ಇತ್ತು. ಜರಡಿ ಅಡ್ಡಡ್ಡ ಅದುರುವಾಗ ನಟ್ಟು ಬೋಲ್ಟುಗಳ ಥ್ರೆಡ್ಡಿನ ನಡುವಿನ ಸಣ್ಣ ಸಂದಿನಲ್ಲಿ ಜಾರಾಟ ನಡೆದು ಬಿಗಿ ಇಳಿಯುತ್ತ ಹೋಗುವುದನ್ನು ಅದು ತಡೆಯದ ಕಾರಣ, ಪಾಳಿ ಬದಲಾದಾಗಲೆಲ್ಲ ಪಾನಾ ಹಿಡಿದು ಒಂದು ಸುತ್ತು ಬರಲೇಬೇಕಿತ್ತು. ಈ ಅಂಟು ಆ ಸಂದನ್ನೇ ತುಂಬಿಬಿಡುತ್ತದೆ. ಪಾಳಿಗೊಮ್ಮೆ ಬಿಗಿಯುವ ಕೆಲಸ ನಿಂತಿದೆ.

ಗಾಳಿ ತಾಕದ, ಲೋಹ ತಾಗುವ ಜಾಗದಲ್ಲಿ ಮಾತ್ರ ಇದು ಗಟ್ಟಿಯಾಗುತ್ತದೆ. ಒಳಗೆ ಗಾಳಿ ಇರಲೆಂದೇ ಬಾಟಲಿಯನ್ನು ಪೂರ್ತಿ ತುಂಬದೆ ಮಾರುತ್ತಾರೆ. ಇದನ್ನು ಅರಿಯದ ನಮ್ಮ ಹುಡುಗರು ಅಂಗಡಿಯಲ್ಲಿ ತಕರಾರು ತೆಗೆದದ್ದೂ ಉಂಟು. ಉಕ್ಕಿನ ಮೇಲೆ ಹತ್ತು ನಿಮಿಷದಲ್ಲಿ ಹಿಡಿದುಕೊಂಡರೂ ಪೂರ್ಣ ಬಲಕ್ಕೆ 24 ಗಂಟೆ ಬೇಕು, ಸತುವಿನ ಲೇಪವಿರುವ ಬೋಲ್ಟಿನಲ್ಲಿ ಇನ್ನೂ ನಿಧಾನ. ಆದ್ದರಿಂದ ಮಿಲ್ಲಿಗೆ ರಜೆ ಇರುವ ದಿನವೇ ಹಚ್ಚುತ್ತೇವೆ.

ತೊಗರಿಗೆ ಎಣ್ಣೆ ಸವರಿ ಸಿಪ್ಪೆ ಬಿಡಿಸುವ ಕಡೆ ಬೋಲ್ಟುಗಳ ಮೇಲೆ ಎಣ್ಣೆ ಮತ್ತು ಹೊಟ್ಟಿನ ಕಪ್ಪು ಜಿಡ್ಡು ಕೂರುತ್ತದೆ. ತೆಳುವಾದ ಎಣ್ಣೆಪಸೆಯನ್ನು 243 ಸಹಿಸಿಕೊಳ್ಳುತ್ತದೆ, ಜಿಡ್ಡನ್ನಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ಒರೆಸಿ, ನಟ್ಟು ಕೂರುವ ಜಾಗಕ್ಕೆ ಮಾತ್ರ ಹಚ್ಚಬೇಕು. ಒಂದು ಬದಿ ಮುಚ್ಚಿದ ರಂಧ್ರವಾದರೆ ಒಳಗಡೆಯೇ ಹನಿ ಬಿಡಬೇಕು, ಇಲ್ಲವಾದರೆ ಸಿಕ್ಕಿಕೊಂಡ ಗಾಳಿ ಅಂಟನ್ನು ಹೊರಕ್ಕೆ ತಳ್ಳುತ್ತದೆ.

ಇನ್ನೂ ಬಲವಾದ ಕೆಂಪು 271 ಏಕೆ ಬೇಡ ಎಂದು ಕೇಳುವವರಿದ್ದಾರೆ. ಅದನ್ನು ಬಿಚ್ಚಲು ಸಾಮಾನ್ಯವಾಗಿ ಬೋಲ್ಟನ್ನು ಸುಮಾರು 250 ಡಿಗ್ರಿಗೆ ಕಾಯಿಸಬೇಕು. ಹೊಟ್ಟಿನ ಧೂಳು ತುಂಬಿದ ಮಿಲ್ಲಿನೊಳಗೆ ಗ್ಯಾಸಿನ ಜ್ವಾಲೆ ಹಿಡಿಯುವುದು ಬೆಂಕಿಯನ್ನು ಕರೆದಂತೆ. ಜಾಲರಿ ಬದಲಿಸುವಾಗ ನೀಲಿ ಅಂಟಿನ ಬೋಲ್ಟು ಮಾಮೂಲಿ ಪಾನಾಕ್ಕೇ ಬಿಚ್ಚಿಕೊಳ್ಳುತ್ತದೆ, ಹಳೆಯ ಪುಡಿ ಕೆರೆದು ಹೊಸದಾಗಿ ಹಚ್ಚಿದರಾಯಿತು. ಅಂಟು ಹಚ್ಚಿದ್ದೇವೆಂದು ಬೋಲ್ಟಿನ ಬಿಗಿಯನ್ನು ಕಡಿಮೆ ಮಾಡುವಂತಿಲ್ಲ.

ಕೊರತೆಯೆಂದರೆ, ಪ್ಲಾಸ್ಟಿಕ್ಕಿಗೆ ಇದು ಆಗಿಬರುವುದಿಲ್ಲ. ಪಾಲಿಕಾರ್ಬೊನೇಟಿನಂಥ ಹಾಳೆಗೆ ತಗುಲಿದರೆ ಬಿರುಕು ಬಿಡಬಹುದಾದ್ದರಿಂದ, ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಪಾರದರ್ಶಕ ಮುಚ್ಚಳಗಳಿಗೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟುಗಳನ್ನೇ ಉಳಿಸಿಕೊಂಡಿದ್ದೇವೆ.